ಮೂಲೆಮನೆ ಗೋಡೆ ಮತ್ತು ಇಲ್ಲದ ಬೆಕ್ಕು

"ಬಗ್ಗೇಹೋಯ್ತು!" ಎಂದಳು ಜೀರುಂಡೆ.

"ಏನು, ಗೋಡೆಯಾ?" ಎಂದ ಸೋಡಾ, ಹಿಂದೆ ತಿರುಗದೆ.

"ಗೋಡೆ ಯಾಕೋ ಬಗ್ಗುತ್ತೆ? ಸ್ಪೂನು ಕಣೋ! ಅಮ್ಮ ಇವತ್ತು ನನ್ನ ಗ್ರಹಚಾರ ಬಿಡಿಸ್ತಾಳೆ."

ಬಸ್‌ಸ್ಟಾಪಿನ ಬೆಂಚಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಜೀರುಂಡೆ ತನ್ನ ಮನೆಯ ಕಾಂಪೌಂಡ್ ಗೋಡೆಯನ್ನೇ ಕೆರೆಯುತ್ತಿದ್ದಳು. ಸೋಡಾ ಬೆಂಚಿನ ಮೇಲೆ ನಿಂತು ಕಾವಲು ಕಾಯುತ್ತಿದ್ದ. ಅವನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ದೂರದಿಂದ ಬರುತ್ತಿರುವುದು ಅಜ್ಜಿಯೋ ಅಂಚೆಯವನೋ ಎಂದು ಹೇಳಲಾಗದವನನ್ನು ಕಾವಲಿಗೆ ನಿಲ್ಲಿಸಿದ್ದು ಸರಿಯೇ ಎಂದು ಜೀರುಂಡೆಗೂ ಅನುಮಾನವಿತ್ತು. ಆದರೆ ಇಂಥ ಕೆಲಸಕ್ಕೆ ಕರೆದರೆ ಬರುವ ಗೆಳೆಯ ಅವನೊಬ್ಬನೇ.

ಜೀರುಂಡೆ ಎಂದು ಹೆಸರಿಟ್ಟವಳು ಅಜ್ಜಿ. ನಿದ್ದೆಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಗುಯ್ಯೆನ್ನುವ ಹುಡುಗಿಗೆ ಬೇರೆ ಹೆಸರು ಒಪ್ಪುವುದಿಲ್ಲ ಎಂಬುದು ಅವಳ ವಾದ. "ಬಾಯಿ ಮುಚ್ಚು, ಜೀರುಂಡೆ" ಎಂದು ಅಜ್ಜಿ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಈ ಕೆರೆತಕ್ಕೆಲ್ಲ ಕಾರಣ ಸಮಾಜ ಮಿಸ್.

"ಪುಸ್ತಕದಲ್ಲಿರೋ ಇತಿಹಾಸ ನಾನು ಮಾಡ್ತೀನಿ. ನಿಮ್ಮ ಮನೆ ಇತಿಹಾಸ ನೀವು ತನ್ನಿ" ಎಂದಿದ್ದರು ಮಿಸ್. "ಸೋಮವಾರ ಒಬ್ಬೊಬ್ಬರೂ ಏನಾದರೊಂದು ಹಳೇ ವಸ್ತು ತಂದು ಅದರ ಕತೆ ಹೇಳ್ಬೇಕು. ಇಂಟರ್ನೆಟ್ಟಿಂದ ಫೋಟೊ ತೆಗೆಸ್ಕೊಂಡು ಬಂದ್ರೆ ಹರಿದು ಬಿಸಾಕ್ತೀನಿ."

ಕ್ಲಾಸಿನಲ್ಲಿ ಎಲ್ಲರ ಮನೆಯಲ್ಲೂ ಏನಾದರೂ ಇತ್ತು. ಒಬ್ಬಳ ಮನೆಯಲ್ಲಿ ವಾಲ್ವ್ ರೇಡಿಯೊ, ಇನ್ನೊಬ್ಬನ ಮನೆಯಲ್ಲಿ ಬಾಗಿಲಿರುವ ಟಿವಿ. ಸೋಡಾನ ಬಳಿ ಅವನ ತಾತನ ಕ್ಯಾಮೆರಾ ಇತ್ತು. ಜೀರುಂಡೆಯ ಮನೆಯಲ್ಲಿ ಮಾತ್ರ ಅಜ್ಜಿ ಹಳೆಯದನ್ನೆಲ್ಲ ಕಾಲಕಾಲಕ್ಕೆ ರದ್ದಿಯವನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಳು.

"ಕೆಲವರ ಮನೇಲಿ ಏನೂ ನಡೆದೇ ಇರಲ್ಲ ಬಿಡು" ಎಂದಿದ್ದಳು ಫಸ್ಟ್ ಬೆಂಚಿನ ಜಂಬದ ಜಡೆ.

ಆ ಮಾತು ಜೀರುಂಡೆಗೆ ಚೆನ್ನಾಗಿ ನಾಟಿತ್ತು. ಮನೆಗೆ ಬಂದವಳು ಸಿಟ್ಟಿನಲ್ಲಿ ಗೋಡೆಗೊಂದು ಒದೆ ಕೊಟ್ಟಳು. ಅಂಗೈಯಗಲ ಬಣ್ಣ ಉದುರಿತು. ನೀಲಿಯ ಕೆಳಗೆ ಹಳದಿ ಕಾಣಿಸಿತು, ಹಳದಿಯ ಮೇಲೆ ಯಾವುದೋ ಅಕ್ಷರದ ಬಾಲ. ಅಲ್ಲಿಗೆ ಅವಳ ತಲೆಯೊಳಗೆ ಬಲ್ಬು ಹತ್ತಿಕೊಂಡಿತು.

ಜೀರುಂಡೆಯ ಮನೆಯೇ ಮೂಲೆಮನೆ. ಅದರ ಗೋಡೆ ಬಸ್‌ಸ್ಟಾಪಿಗೆ ತಾಗಿಕೊಂಡೇ ಇತ್ತು. ಬಸ್ಸಿಗೆ ಕಾಯುವವರು ಬೇಡವೆಂದರೂ ಅದನ್ನೇ ನೋಡಬೇಕು. ಹಾಗಾಗಿ ಏನನ್ನಾದರೂ ಮಾರುವವರಿಗೂ ವೋಟು ಕೇಳುವವರಿಗೂ ಆ ಗೋಡೆಯ ಮೇಲೆ ಕಣ್ಣು. ಅವರೆಲ್ಲರ ಮೇಲೆ ಅಜ್ಜಿಯ ಕಣ್ಣು. ಪೋಸ್ಟರ್ ಅಂಟಿಸುವವರು ಅವಳ ಪೊರಕೆಯ ಸದ್ದು ಕೇಳಿದರೆ ಅಂಟಿನ ಡಬ್ಬ ಬಿಟ್ಟು ಓಡುತ್ತಿದ್ದರು. ಹಾಗೆ ಸಿಕ್ಕಿದ ಡಬ್ಬಗಳನ್ನು ಅಜ್ಜಿ ತೊಳೆದು ಒಳಗಿಟ್ಟುಕೊಂಡು, ಮೇಲೊಂದು ಕಾಗೆ ಬರೆಯುತ್ತಿದ್ದಳು.

ಕಾಗೆ ಅಜ್ಜಿಯ ಗುರುತು. ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆದ, ಕೊಕ್ಕು ತೆರೆದ ಕಾಗೆ. ಅವಳ ಛತ್ರಿಯ ಹಿಡಿ, ಬಚ್ಚಲಿನ ಮಗ್ಗು, ಜೀರುಂಡೆಯ ಊಟದ ಡಬ್ಬಿ, ಎಲ್ಲದರ ಮೇಲೂ ಅದು ಇತ್ತು. ಕಾಗೆ ಇರುವ ವಸ್ತು ಬೇರೆಯವರ ಮನೆ ಸೇರಿದರೂ ಒಂದಲ್ಲ ಒಂದು ದಿನ ವಾಪಸು ಬರುತ್ತಿತ್ತು.

ಈಗ ಗೋಡೆಗೆ ಬೇರೆಯೇ ಗಂಡಾಂತರ ಬಂದಿತ್ತು. ಯಾರೋ ದೊಡ್ಡವರು ಈ ರಸ್ತೆಯಲ್ಲಿ ಕಾರಿನಲ್ಲಿ ಹಾದುಹೋಗುವವರಿದ್ದರು. ಅದಕ್ಕಾಗಿ ಶನಿವಾರದೊಳಗೆ ರಸ್ತೆಯ ಎಲ್ಲ ಗೋಡೆಗಳೂ ಒಂದೇ ಕೆನೆ ಬಣ್ಣದಲ್ಲಿರಬೇಕು ಎಂದು ನಗರಸಭೆಯವರು ಆಟೋದ ಮೈಕಿನಲ್ಲಿ ಕೂಗಿ ಹೋಗಿದ್ದರು. ಶನಿವಾರ ಗೋಡೆ ಹೋದರೆ, ಸೋಮವಾರ ಜೀರುಂಡೆ ಬರಿಗೈಯಲ್ಲಿ ನಿಲ್ಲಬೇಕು. ಆದ್ದರಿಂದಲೇ ಇಷ್ಟು ಅವಸರ.

"ನೀಲಿ, ಮೊಬೈಲ್ ರೀಚಾರ್ಜ್" ಎಂದು ಜೀರುಂಡೆ ಪಾಠ ಒಪ್ಪಿಸಿದಳು. "ಅದರ ಕೆಳಗೆ ಹಳದಿ, ಕೇಬಲ್ ಟಿವಿ. ಅದರ ಕೆಳಗೆ ಹಳದಿ, ಎಸ್‌ಟಿಡಿ ಬೂತ್. ಎಸ್‌ಟಿಡಿ ಅಂದ್ರೆ ಏನೋ?"

"ದೂರದೂರಿಗೆ ಫೋನ್ ಮಾಡೋಕೆ ಕ್ಯೂ ನಿಲ್ತಿದ್ರಂತೆ. ಅಪ್ಪ ಹೇಳ್ತಿದ್ರು."

"ಫೋನ್ ಮಾಡೋಕೆ ಕ್ಯೂನಾ? ಸುಮ್ನೆ ರೈಲು ಬಿಡ್ಬೇಡ." ಅವಳು ಬಗ್ಗಿದ ಸ್ಪೂನಿನಿಂದಲೇ ಇನ್ನಷ್ಟು ಕೆರೆದಳು. "ಇದು ಹಸಿರು. 'ನಿಮ್ಮ ಅಮೂಲ್ಯ ಮತ' ಅಂತಿದೆ. ಯಾರಿಗೆ ಅನ್ನೋದು ಉದುರಿಹೋಗಿದೆ. ಇದರ ಕೆಳಗೆ ಒಂದು ಕೆಂಪು ತ್ರಿಕೋನ. 'ಎರಡು ಮಕ್ಕಳು ಸಾಕು.'"

"ಸಾಕಾ? ಯಾರು ಹೇಳಿದ್ದು?" ಸೋಡಾ ಬೆಂಚಿನಿಂದ ಇಳಿದೇಬಿಟ್ಟ. "ನಾನು ಮೂರನೆಯವನು!"

"ಗೋಡೆ ಜೊತೆ ಜಗಳ ಆಡ್ಬೇಡ, ಕಾವಲು ಕಾಯಿ."

ತ್ರಿಕೋನದ ಕೆಳಗೆ ಬರೀ ಸುಣ್ಣ ಸಿಕ್ಕಿತು. ಬೆಳ್ಳಗೆ, ಖಾಲಿ. ಜೀರುಂಡೆಗೆ ಅಳು ಬರುವ ಹಾಗಾಯಿತು. ಇಷ್ಟು ಕೆರೆದು ಸಿಕ್ಕಿದ್ದೆಲ್ಲ ಜಾಹೀರಾತು. ಮನೆಯದ್ದು ಅಂತ ಒಂದೂ ಇಲ್ಲ. ಜಂಬದ ಜಡೆ ಹೇಳಿದ್ದೇ ನಿಜವಾಯಿತಲ್ಲ ಎಂದು ಅವಳಿಗೆ ಸಂಕಟವಾಯಿತು.

"ನೀರು ಕುಡಿ" ಎಂದು ಸೋಡಾ ಬಾಟಲಿ ಕೊಡಲು ಬಂದ. ಬಂದವನು ಬೆಂಚಿನ ಕಾಲು ಎಡವಿ ಬಾಟಲಿಯ ನೀರನ್ನೆಲ್ಲ ಗೋಡೆಗೆ ಕುಡಿಸಿದ.

"ಥೂ, ನಿನ್ನ..." ಎಂದು ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು.

ಒದ್ದೆಯಾದ ಸುಣ್ಣದ ಒಳಗಿನಿಂದ ಕೆಂಪು ಗೆರೆಗಳು ಮೇಲೆದ್ದು ಬರುತ್ತಿದ್ದವು. ಮೊದಲು ನಸುಗೆಂಪು, ಆಮೇಲೆ ಕಡುಗೆಂಪು. ನೋಡುತ್ತಿದ್ದಂತೆ ಅವು ಅಕ್ಷರಗಳಾದವು. ಮುಚ್ಚುವುದಿಲ್ಲ.

"ಅಂಗಡಿ ಬೋರ್ಡು" ಎಂದ ಸೋಡಾ. "ಭಾನುವಾರವೂ ಮುಚ್ಚುವುದಿಲ್ಲ ಅಂತ ಇರುತ್ತೆ."

ಬಿಸಿಲಿಗೆ ಗೋಡೆ ಒಣಗಿತು. ಅಕ್ಷರಗಳು ಸುಣ್ಣದೊಳಗೆ ಮಾಯವಾದವು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು.

"ಅಂಚೆಯವನು" ಎಂದ ಸೋಡಾ ಗೇಟಿನ ಕಡೆ ಕಣ್ಣು ಕಿರಿದು ಮಾಡಿ.

"ಅಂಚೆಯವನು ಸೀರೆ ಉಟ್ಕೊಳ್ತಾನೇನೋ? ಅಜ್ಜಿ! ಮುಚ್ಚು, ಬೇಗ ಏನಾದ್ರೂ ಮುಚ್ಚು!"

ಏನು ಮುಚ್ಚಿದರೂ ಅಜ್ಜಿ ಕಿತ್ತೆಸೆಯುತ್ತಾಳೆ. ಒಂದನ್ನು ಬಿಟ್ಟು. ಕಳೆದುಕೊಂಡವರ ನೋಟಿಸನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಯಾರೋ ಹಲ್ಲಿನ ಸೆಟ್ಟು ಕಳೆದುಕೊಂಡ ನೋಟಿಸು ಮಳೆಗಾಲ ಪೂರ್ತಿ ಈ ಗೋಡೆಯ ಮೇಲಿತ್ತು. ಜೀರುಂಡೆ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಅವಸರದಲ್ಲಿ ಬರೆದಳು: ಬೆಕ್ಕು ಕಳೆದುಹೋಗಿದೆ.

"ಬಣ್ಣ ಬರಿ" ಎಂದ ಸೋಡಾ.

ಬಣ್ಣ: ಬೆಕ್ಕಿನ ಬಣ್ಣ, ಎಂದು ಬರೆದಳು.

"ವಿಳಾಸ ಇಲ್ದಿದ್ರೆ ಯಾರು ನಂಬ್ತಾರೆ?" ಸೋಡಾ ಪೆನ್ಸಿಲ್ ಕಿತ್ತುಕೊಂಡು ತಾನೇ ಸೇರಿಸಿದ: ಸಿಕ್ಕಿದವರು ಮೂಲೆಮನೆಗೆ ತಂದುಕೊಡಿ. ಸೂಕ್ತ ಬಹುಮಾನವಿದೆ.

ಹಾಳೆಯನ್ನು ಕೆರೆದ ಜಾಗದ ಮೇಲೆ ಅಂಟಿಸಿದರು. ಅಜ್ಜಿ ಬಂದಳು, ನೋಟಿಸು ಓದಿದಳು, "ಪಾಪ" ಎಂದು ಹೋದಳು. ಗಡಿಬಿಡಿಯಲ್ಲಿ ವಿಳಾಸದ ಸಾಲಿನವರೆಗೆ ಅವಳು ಓದಲಿಲ್ಲ.

ಬಹುಮಾನ ಎಂಬ ಮಾತಿಗೆ ಎಷ್ಟು ಶಕ್ತಿಯಿದೆ ಎಂದು ಗೊತ್ತಾದದ್ದು ಮರುದಿನ, ಶುಕ್ರವಾರ. ಸ್ಕೂಲಿಂದ ಜೀರುಂಡೆ ಬರುವ ಹೊತ್ತಿಗೆ ಬಾಗಿಲಲ್ಲಿ ಬೇಕರಿಯವನು ನಿಂತಿದ್ದ. ಅವನ ತೋಳಿನಲ್ಲಿ ಡೊಳ್ಳುಹೊಟ್ಟೆಯ ಕಂದು ಬೆಕ್ಕು.

"ನಮ್ಮನೇಲಿ ಬೆಕ್ಕೇ ಇಲ್ಲಪ್ಪ" ಎನ್ನುತ್ತಿದ್ದಳು ಅಜ್ಜಿ.

"ಇಲ್ಲ ಅಂತಲೇ ತಂದಿದ್ದು, ಅಜ್ಜಿ. ಕಳೆದುಹೋಗಿದೆಯಲ್ಲ!"

ಅವನ ಹಿಂದೆ ಕ್ಷೌರದಂಗಡಿಯವನು ಕರಿ ಬೆಕ್ಕಿನೊಂದಿಗೆ ಬಂದ. ಪಕ್ಕದ ಬೀದಿಯ ಇಬ್ಬರು ಹುಡುಗಿಯರು ಒಂದು ಚೀಲ ತಂದರು. ಚೀಲದೊಳಗಿಂದ ಬರುತ್ತಿದ್ದ ಸದ್ದು ಒಂದೇ ಬೆಕ್ಕಿನದಾಗಿರಲಿಲ್ಲ. ಕರಿ ಬೆಕ್ಕು ಕಂದು ಬೆಕ್ಕನ್ನು ನೋಡಿ ಮೈ ಉಬ್ಬಿಸಿತು. ಕಂದು ಬೆಕ್ಕು ಬೇಕರಿಯವನ ತಲೆ ಹತ್ತಿತು. ಅಂಗಳ ಸಂತೆಯಾಯಿತು.

"ಯಾರು ಹೇಳಿದ್ದು ನಿಮಗೆಲ್ಲಾ?" ಎಂದು ಅಜ್ಜಿ ಗದರಿದಳು.

ಎಲ್ಲರೂ ಒಟ್ಟಿಗೆ ಗೋಡೆಯ ಕಡೆ ಬೊಟ್ಟು ಮಾಡಿದರು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಟಳು. ಗಿಡಕ್ಕೆ ನೀರು ಹಾಕುತ್ತಿದ್ದ ಬಕೆಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು. ಜೀರುಂಡೆ ಕಳ್ಳ ಹೆಜ್ಜೆ ಹಾಕಿ ಹಿಂದೆ ಹೋದಳು. ಬೆಂಚಿನ ಮರೆಯಲ್ಲಿದ್ದ ಸೋಡಾ ಕಣ್ಣು ಮುಚ್ಚಿಕೊಂಡ.

ಅಜ್ಜಿ ನೋಟಿಸು ಪೂರ್ತಿ ಓದಿದಳು. ಚರಕ್ಕನೆ ಕಿತ್ತಳು. ಒಳಗೆ ಬಣ್ಣ ಬಣ್ಣದ ಅಂಚಿನ ಬಿಳಿ ಕಿಟಕಿಯಂಥ ಜಾಗ ಕಾಣಿಸಿತು.

ಈಗ ಸಿಡಿಲು ಬೀಳುತ್ತದೆ ಎಂದು ಜೀರುಂಡೆ ಕಿವಿ ಮುಚ್ಚಿಕೊಂಡಳು. ಸಿಡಿಲು ಬೀಳಲಿಲ್ಲ. ಅಜ್ಜಿ ಆ ಬಿಳಿ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಬಕೆಟ್ಟಿಗೆ ಕೈ ಅದ್ದಿ, ಒಂದು ಬೊಗಸೆ ನೀರು ತೆಗೆದು ಗೋಡೆಗೆ ಎರಚಿದಳು.

ಮುಚ್ಚುವುದಿಲ್ಲ, ಎಂದಿತು ಗೋಡೆ.

ಜೀರುಂಡೆ ಕಿವಿಯಿಂದ ಕೈ ತೆಗೆದಳು. "ಅಜ್ಜಿ, ನೀರು ಹಾಕಿದ್ರೆ ಬರುತ್ತೆ ಅಂತ ನಿಂಗೆ ಹೆಂಗೆ ಗೊತ್ತು?"

ಅಜ್ಜಿ ಕೆರೆದ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದಳು. "ಸ್ಪೂನಲ್ಲಿ ಕೆರೆದಿದ್ದಾ? ದಡ್ಡಿ. ಹಳೇ ದೋಸೆ ಸೌಟು ತಗೊಂಡು ಬಾ. ಎಡಗಡೆ ಒಂದು ಮೊಳ ಕೆರಿ. ಬಲಗಡೆ ಎರಡು ಗೇಣು ಸಾಕು. ಸುಣ್ಣಕ್ಕೆ ತಾಗಿಸಬೇಡ."

ಬೆಕ್ಕಿನವರನ್ನೆಲ್ಲ ಒಂದೊಂದು ಬಿಸ್ಕತ್ತು ಕೊಟ್ಟು ಕಳಿಸಿದ್ದಾಯಿತು. ಬೇಕರಿಯವನಿಗೆ ಅವನ ಬೇಕರಿಯ ಬಿಸ್ಕತ್ತೇ ಸಿಕ್ಕಿತು. ಮೂವರೂ ಗೋಡೆ ಕೆರೆಯಲು ಕೂತರು. ಎಡಗಡೆ ಕೆರೆದು ನೀರು ಹಾಕಿದಾಗ 'ಬಾಯಿ' ಎಂಬ ಪದ ಬಂತು. ಬಾಯಿ ಮುಚ್ಚುವುದಿಲ್ಲ. ಬಲಗಡೆ ಮಗ್ಗಿನಿಂದ ನೀರು ಎರಚಿದಾಗ ಒಂದೇ ಗೆರೆಯ, ಕೊಕ್ಕು ತೆರೆದ ಕಾಗೆ ಎದ್ದು ಬಂತು.

ಜೀರುಂಡೆ ಗೋಡೆಯ ಕಾಗೆ ನೋಡಿದಳು. ಮಗ್ಗಿನ ಮೇಲಿನ ಕಾಗೆ ನೋಡಿದಳು. ಅಜ್ಜಿಯ ಮುಖ ನೋಡಿದಳು.

"ಅಜ್ಜಿ! ಗೋಡೆ ಮೇಲೆ ನೀನು ಬರೆದಿದ್ದಾ? ನೀನು!"

"ಮೆಲ್ಲಗೆ ಕೂಗು. ಹದಿನೆಂಟು ವರ್ಷ ನಂಗೆ, ಆಗ." ಅಜ್ಜಿಗೆ ನಾಚಿಕೆಯೂ ಆಗಿತ್ತು, ಹೆಮ್ಮೆಯೂ ಆಗಿತ್ತು. "ಒಂದಿನ ಬೆಳಿಗ್ಗೆ ಪೇಪರ್ ಬಂತು. ಒಂದು ಕಡೆ ಬರೀ ಖಾಲಿ. ನಮ್ಮಪ್ಪ ಕನ್ನಡಕ ಒರೆಸ್ಕೊಂಡು ಒರೆಸ್ಕೊಂಡು ನೋಡಿದ್ರು."

"ಇಂಕ್ ಮುಗಿದುಹೋಗಿತ್ತಾ?" ಎಂದ ಸೋಡಾ.

"ಇಂಕ್ ಬೇಕಾದಷ್ಟಿತ್ತು. ಅಚ್ಚಾಗೋಕೆ ಮುಂಚೆ ಆಫೀಸರ್ ಓದಿ ಒಪ್ಪಬೇಕು ಅಂತ ಆಗಿತ್ತು. ಬೇಡದ ಸುದ್ದೀನ ಹೊಡೆದು ಹಾಕೋರು. ಪೇಪರ್‌ನೋರು ಆ ಜಾಗ ಹಂಗೇ ಖಾಲಿ ಬಿಟ್ರು. ರೇಡಿಯೊ ಹಾಕಿದ್ರೆ ಎಲ್ಲಾ ಚೆನ್ನಾಗಿದೆ, ರೈಲು ಟೈಮಿಗೆ ಬರ್ತಿದೆ ಅಂತ. ನಮ್ಮ ಕಾಲೇಜಿನ ಮೇಷ್ಟ್ರು ಕ್ಲಾಸಲ್ಲಿ ಏನೋ ಒಂದು ಮಾತು ಅಂದ್ರು. ಅವರನ್ನ ಹಿಡ್ಕೊಂಡು ಹೋದ್ರು. ಒಂದು ವರ್ಷ ಬರಲಿಲ್ಲ."

"ತುರ್ತು ಪರಿಸ್ಥಿತಿ! ಎಮರ್ಜೆನ್ಸಿ!" ಜೀರುಂಡೆ ಕುಣಿದಳು. "ನಮ್ಮ ಪಾಠದಲ್ಲಿದೆ ಅಜ್ಜಿ. ಎರಡು ಮಾರ್ಕಿನ ಪ್ರಶ್ನೆ."

"ಎರಡೇ ಮಾರ್ಕಾ?" ಅಜ್ಜಿಗೆ ನಿಜವಾಗಿಯೂ ಬೇಜಾರಾಯಿತು.

"ಯಾರಿಗೂ ಕಾಣದ ಹಾಗೆ ರಾತ್ರಿ ಬರೆದ್ರಾ?" ಎಂದು ಸೋಡಾ ಕೇಳಿದ.

"ರಾತ್ರಿ ಎಲ್ಲರೂ ಎಚ್ಚರವಾಗಿರ್ತಾರೆ, ಪೊಲೀಸ್ನೋರೂ. ನಾನು ಬರೆದಿದ್ದು ಮಟಮಟ ಮಧ್ಯಾಹ್ನ. ಎದುರಿಗೆ ಸೈಕಲ್ ಅಂಗಡಿ ಇತ್ತು. ಅಲ್ಲಿ ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ. ಇಂಗ್ಲಿಷಲ್ಲಿ. ಅರ್ಥ ಆಗ್ತಿದ್ದಿದ್ದು ಒಬ್ಬನಿಗೆ, ಕೇಳ್ತಿದ್ದಿದ್ದು ಇಡೀ ಬೀದಿ. ಪೊಲೀಸಪ್ಪನೂ ಟೋಪಿ ಕಂಕುಳಲ್ಲಿ ಇಟ್ಕೊಂಡು ಅಲ್ಲೇ. ಎಲ್ಲರ ಬೆನ್ನೂ ನನ್ನ ಕಡೆ! ನೆಲಕ್ಕೆ ಹಾಕೋ ಕೆಂಪು ಪುಡಿಗೆ ಅಂಟು ಕಲಸಿದ್ದೆ. ಬ್ಯಾಟ್ ಮಾಡೋನಿಗೆ ಸೆಂಚುರಿಗೆ ಮೂರು ರನ್ ಬಾಕಿ. ಆ ಮೂರು ರನ್ನಿಗೆ ಪುಣ್ಯಾತ್ಮ ಎಷ್ಟು ಹೊತ್ತು ಮಾಡಿದ ಅಂದ್ರೆ, ನಾನು ಕಾಗೇನೂ ಬರೆದು ಒಳಗೆ ಹೋದೆ."

ಜೀರುಂಡೆ ನಕ್ಕು ನಕ್ಕು ನೆಲಕ್ಕೆ ಕೂತಳು. ಅಜ್ಜಿಯೂ ನಕ್ಕಳು. ಆಮೇಲೆ ಅವಳ ನಗು ನಿಂತಿತು.

"ಗೋಡೆ ನಮ್ಮಪ್ಪನದ್ದು. ಸಾಯಂಕಾಲ ಬಂದು ಅವರನ್ನ ಕರ್ಕೊಂಡು ಹೋದ್ರು. ಗಡಿಯಾರ ರಿಪೇರಿ ಮಾಡೋ ಮನುಷ್ಯ, ಜೋರಾಗಿ ಮಾತಾಡಿದ್ದೇ ನಾನು ಕೇಳಿಲ್ಲ. ಯಾರು ಬರೆದಿದ್ದು ಅಂತ ಮಾರನೇ ದಿನದವರೆಗೂ ಸ್ಟೇಷನ್ನಲ್ಲಿ ಕೂರಿಸಿ ಕೇಳಿದ್ರಂತೆ. ಗೊತ್ತಿಲ್ಲ ಅಂದ್ರಂತೆ. ನನ್ನ ಕಾಗೆ ಅವರ ಛತ್ರಿ ಮೇಲೂ ಇತ್ತು ಕಣೇ."

ಹೋಗದೆ ಉಳಿದಿದ್ದ ಕರಿ ಬೆಕ್ಕು ಬಂದು ಅಜ್ಜಿಯ ಕಾಲಿಗೆ ಮೈ ತಿಕ್ಕಿತು.

"ಸುಣ್ಣ ಹೊಡೆದು ಮುಚ್ಚಿ ಅಂತ ಹೇಳಿ ಅಪ್ಪನ್ನ ಬಿಟ್ರು. ನಾನೇ ಕಲಸಿದೆ. ಹೆದರಿಕೆಗೆ ಗಟ್ಟಿಯಾಗೇ ಕಲಸಿದ್ದೆ. ಬ್ರಷ್ ತರೋಕೆ ಒಳಗೆ ಹೋಗಿ ಬರ್ತೀನಿ, ಬಕೆಟ್ಟಲ್ಲಿ ಸುಣ್ಣ ನೀರ್ನೀರು. ಅದನ್ನೇ ಹೊಡೆದೆ. ಒಣಗಿದಾಗ ಬೆಳ್ಳಗೆ. ಮಳೆ ಬಂತೋ, ಕೆಂಪಗೆ ಎದ್ದು ಕೂರ್ತಿತ್ತು! ಬಸ್ಸಿಗೆ ಕಾಯೋರೆಲ್ಲಾ ಛತ್ರಿ ಕೆಳಗೆ ಸುಮ್ನೆ ಓದೋರು."

"ಪೊಲೀಸಪ್ಪ?"

"ಮಳೆ ಬಂದ್ರೆ ಅವನು ಸೈಕಲ್ ಅಂಗಡಿ ಒಳಗೆ ಓಡ್ತಿದ್ದ. ಪಾಪ, ಅವನಿಗೆ ಒಣಗಿದ ಗೋಡೆ ಮಾತ್ರ ಗೊತ್ತು. ಆಮೇಲೆ ಕಾಲ ಬದಲಾಯ್ತು. ಆಮೇಲೆ ಇವೆಲ್ಲಾ ಬಂದು ನನ್ನ ತಲೆ ಮೇಲೆ ಕೂತವು, ಸೋಪು, ಚಪ್ಪಲಿ, ಸುಳ್ಳು. ಅದಕ್ಕೇ ನಂಗೆ ಸಿಟ್ಟು."

"ಬಕೆಟ್ಟಿಗೆ ನೀರು ಹಾಕಿದ್ದು ಯಾರು, ಅಜ್ಜಿ?"

"ಬಾಯಿ ಮುಚ್ಚು, ಜೀರುಂಡೆ" ಎಂದಳು ಅಜ್ಜಿ. ಹೇಳಿದ ಮೇಲೆ ಗೋಡೆ ನೋಡಿ ಅವಳಿಗೇ ನಗು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ನಗರಸಭೆಯ ಗುಮಾಸ್ತ ಬಂದ. ಅವನ ಹಿಂದೆ ಏಣಿ ಹೊತ್ತ ಪೇಂಟರ್. ಪೇಂಟರ್ ಗೋಡೆಯ ಉಳಿದ ಭಾಗಕ್ಕೆಲ್ಲ ದಪ್ಪನೆಯ ಕೆನೆ ಬಣ್ಣ ಬಳಿದ. ಕೆರೆದ ಜಾಗಕ್ಕೆ ಬಂದಾಗ ಅಜ್ಜಿ ಅಡ್ಡ ನಿಂತಳು.

"ಇದಿಷ್ಟನ್ನ ನನ್ನ ಮೊಮ್ಮಗಳು ಹಾಳು ಮಾಡಿದ್ದು. ಅವಳೇ ಸರಿ ಮಾಡಲಿ. ಬುದ್ಧಿ ಬರುತ್ತೆ."

"ಏನೂ ಕಾಣಬಾರದು ಮತ್ತೆ" ಎಂದ ಗುಮಾಸ್ತ. "ಕಂಡ್ರೆ ತೊಂದರೆ ನಿಮಗೇ. ಮಧ್ಯಾಹ್ನ ಬಂದು ನೋಡ್ತೀನಿ."

ಜೀರುಂಡೆ ಅಂಗಳದಲ್ಲಿ ಸುಣ್ಣ ಕಲಸಲು ಕೂತಳು. ಕೆನೆ ಬಣ್ಣ ಬರಲು ಚಿಟಿಕೆ ಹಳದಿ ಪುಡಿ ಹಾಕಿದಳು. ಸಿಕ್ಕಿದ ಇತಿಹಾಸವನ್ನು ತನ್ನ ಕೈಯಾರೆ ಮುಚ್ಚಬೇಕು. ಏನಾದರೂ ಕಂಡುಬಿಟ್ಟರೆ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಾರೇನೋ ಎಂಬ ಭಯ ಬೇರೆ. ಇನ್ನೊಂದು ಹಿಡಿ ಸುಣ್ಣ ಹಾಕಿದಳು. ಇನ್ನೂ ಒಂದು ಹಿಡಿ. ಕೋಲು ತಿರುಗದಷ್ಟು ಗಟ್ಟಿಯಾಯಿತು.

ಬ್ರಷ್ ತರಲು ಅವಳು ಒಳಗೆ ಹೋದಳು. ಹೊರಗೆ ಬಂದಾಗ ಬಕೆಟ್ಟಿನಲ್ಲಿ ಸುಣ್ಣ ನೀರ್ನೀರಾಗಿತ್ತು.

ಅಂಗಳದಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಅವಳ ಕೈಯಲ್ಲಿ ಕಾಗೆ ಇರುವ ಖಾಲಿ ಮಗ್ಗಿತ್ತು. ಅವಳು ಜೀರುಂಡೆಯ ಕಡೆ ನೋಡಲಿಲ್ಲ. ಗಿಡದ ಒಣ ಎಲೆಯೊಂದನ್ನು ಕಿತ್ತು, ನಿಧಾನವಾಗಿ ಒಳಗೆ ನಡೆದಳು.

ಅಜ್ಜಿಯ ಅಪ್ಪನೂ ಆವತ್ತು ಹೀಗೇ ಒಳಗೆ ಹೋಗಿರಬೇಕು, ಏನೂ ಮಾತಾಡದೆ, ಖಾಲಿ ಚೊಂಬು ಹಿಡಿದುಕೊಂಡು. ಜೀರುಂಡೆ ಬಕೆಟ್ಟಿನಲ್ಲಿ ಕೋಲು ಆಡಿಸಿದಳು, ಅದು ಸಲೀಸಾಗಿ ತಿರುಗಿತು. ಅವಳಿಗೆ ಯಾಕೋ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಬಕೆಟ್ಟಿಗೆ ನೀರು ಹಾಕಿದ್ದು ಯಾರು ಎಂದು ಅವಳು ಮತ್ತೆ ಕೇಳಲಿಲ್ಲ. ಬಕೆಟ್ಟು ಎತ್ತಿಕೊಂಡು ಹೋಗಿ, ತೆಳ್ಳಗೆ, ಒಂದೇ ಒಂದು ಕೋಟು ಬಳಿದಳು.

ಮಧ್ಯಾಹ್ನ ಗುಮಾಸ್ತ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಬಿಸಿಲಿಗೆ ಗೋಡೆ ಚೆನ್ನಾಗಿ ಒಣಗಿತ್ತು. "ಭೇಷ್, ಏನೂ ಕಾಣ್ತಿಲ್ಲ" ಎಂದ. ಜೀರುಂಡೆಯ ನಾಲಿಗೆ ತುದಿಗೆ ಏನೇನೋ ಬಂತು. ಹುಟ್ಟಿದಂದಿನಿಂದ ಮೊದಲ ಸಲ, ಯಾರೂ ಹೇಳದೆಯೇ, ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಸೋಮವಾರ ಕ್ಲಾಸಿನ ಮೇಜಿನ ಮೇಲೆ ರೇಡಿಯೊ, ಕ್ಯಾಮೆರಾ, ಟಿವಿಯ ಬಾಗಿಲು, ಎಲ್ಲ ಸಾಲಾಗಿ ಕುಳಿತವು. ಜಂಬದ ಜಡೆ ಜೀರುಂಡೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು.

"ನಿನ್ನದೆಲ್ಲಿ?" ಎಂದರು ಮಿಸ್.

ಜೀರುಂಡೆ ಎದ್ದು, ಹಿಡಿಯ ಮೇಲೆ ಕಾಗೆ ಇರುವ ಅಜ್ಜಿಯ ಛತ್ರಿಯನ್ನು ತಂದು ಮೇಜಿನ ಮೇಲಿಟ್ಟಳು.

"ಈ ಛತ್ರಿಯಾ?"

"ಇದಲ್ಲ ಮಿಸ್. ನಮ್ಮದು ತುಂಬಾ ದೊಡ್ಡದು, ಇಲ್ಲಿಗೆ ತರೋಕಾಗಲ್ಲ. ಬಸ್‌ಸ್ಟಾಪ್ ಹತ್ರ ಇದೆ. ಆದ್ರೆ ಈಗ ಹೋದ್ರೆ ಕಾಣಲ್ಲ."

ಹಿಂದಿನ ಬೆಂಚಿನಲ್ಲಿ ಸೋಡಾ ಕಿಸಕ್ಕನೆ ನಕ್ಕ. ಜೀರುಂಡೆ ಕಿಟಕಿಯಾಚೆ ನೋಡಿದಳು. ಆಟದ ಮೈದಾನದ ಮೇಲೆ ಮೋಡ ಕಪ್ಪಾಗುತ್ತಿತ್ತು. ಗಾಳಿಗೆ ಕಿಟಕಿಯ ಬಾಗಿಲು ಒಮ್ಮೆ ಬಡಿದುಕೊಂಡಿತು.

"ಮಿಸ್," ಎಂದಳು ಜೀರುಂಡೆ, "ನೀವೂ ಛತ್ರಿ ತಂದಿದೀರಾ?"